ಕುಂಕುಮ ಹಚ್ಚದ ಗುಂಡಿ

ನಾನು ಒಂದು ಮನೆ ಕಂಪ್ಯೂಟರ್. ಹೆಸರು ಗೃಹಮಿತ್ರ. ನನ್ನ ಬಗ್ಗೆ ಪತ್ರಿಕೆಯಲ್ಲಿ ಬಂದ ಮೊದಲ ಜಾಹೀರಾತಿನಲ್ಲಿ ಹದಿನಾಲ್ಕು ಸಂಗತಿಗಳಿದ್ದವು. ಅವುಗಳಲ್ಲಿ ನಿಜವಾದವು ಎರಡು: ನನ್ನ ಬಣ್ಣ ಮತ್ತು ನನ್ನ ತೂಕ. ತೂಕವನ್ನೂ ರಟ್ಟಿನ ಪೆಟ್ಟಿಗೆ ಸೇರಿಸಿ ತೂಗಿದ್ದರೆಂದು ಆಮೇಲೆ ತಿಳಿಯಿತು. ಹಾಗಾಗಿ ಬಣ್ಣ ಒಂದೇ ಎನ್ನಬೇಕು. ಬೂದು ಬಣ್ಣ.

ಬೆಂಗಳೂರಿನ ಹೊರವಲಯದ ಒಂದು ಕೈಗಾರಿಕಾ ಶೆಡ್ಡಿನಲ್ಲಿ ಸಾವಿರದ ಒಂಬೈನೂರ ಎಂಬತ್ತಾರರ ಬೇಸಿಗೆಯಲ್ಲಿ ನನ್ನನ್ನು ಜೋಡಿಸಿದರು. ಒಳಗಿನ ಹಸಿರು ಹಲಗೆ ಹೊರದೇಶದಿಂದ ಬಂದದ್ದು, ಹೊರಗಿನ ಪ್ಲಾಸ್ಟಿಕ್ಕು ಬಕೆಟ್ ಮಾಡುವ ಕಾರ್ಖಾನೆಯದ್ದು. ಆರು ಹೆಂಗಸರು ಸಾಲಾಗಿ ಕುಳಿತು ಬೆಸುಗೆ ಹಾಕುತ್ತಿದ್ದರು. ನನ್ನ ಐವತ್ತೆರಡು ಕೀಲಿಗಳನ್ನು ಕೂಡಿಸಿದಾಕೆ ಪ್ರತಿಯೊಂದನ್ನೂ ಎರಡೆರಡು ಸಲ ಒತ್ತಿ ನೋಡಿ, ಸರಿ ಎಂಬಂತೆ ತಲೆಯಾಡಿಸಿದಳು. ನಾನು ಹುಟ್ಟಿದ ಜಾಗದಲ್ಲಿ ನನ್ನನ್ನು ಪರೀಕ್ಷಿಸಿದವಳು ಅವಳೊಬ್ಬಳೇ.

ನನಗೆ ಏನು ಬರುತ್ತಿತ್ತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಕೂಡುವುದು, ಕಳೆಯುವುದು, ಗುಣಾಕಾರ, ಭಾಗಾಕಾರ. ಟಿ.ವಿ.ಗೆ ತಂತಿ ಕೊಟ್ಟರೆ ಪರದೆಯ ಮೇಲೆ ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನು ತೋರಿಸುವುದು. ಗೆರೆ ಎಳೆಯುವುದು. ಹೇಳಿಕೊಟ್ಟ ಕೆಲಸವನ್ನು ಬೇಸರವಿಲ್ಲದೆ ಸಾವಿರ ಸಲ ಮಾಡುವುದು. ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ಪಾಠ ಕಲಿಯಲು ಐದು ನಿಮಿಷ ಹಿಡಿಯುತ್ತಿತ್ತು. ಮೂರು ಸಲಕ್ಕೆ ಒಂದು ಸಲ ಅದು ಕೆಟ್ಟು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ಕರೆಂಟು ಹೋದರೆ ಕಲಿತದ್ದೆಲ್ಲ ಮರೆತುಹೋಗುತ್ತಿತ್ತು.

ಹಾಗಾದರೆ ಇಷ್ಟು ವರ್ಷದ ಕಥೆ ನೆನಪಿಟ್ಟುಕೊಂಡು ಹೇಗೆ ಹೇಳುತ್ತಿದ್ದೀ ಎಂದು ನೀವು ಕೇಳಬೇಕು. ಕೇಳಿದರೆ ಸಂತೋಷ. ಕೇಳದೆ ನಂಬುವವರನ್ನು ನಾನು ಬಹಳ ನೋಡಿದ್ದೇನೆ. ಉತ್ತರ ಇಷ್ಟೇ: ಒಳಗಿನ ಚಿಪ್‌ನಲ್ಲಿರುವುದು ಮರೆತುಹೋಗುತ್ತದೆ. ಮೈಮೇಲೆ ಆದ ಕಲೆ, ಅಂಟಿಸಿದ ಕಾಗದ ಮರೆತುಹೋಗುವುದಿಲ್ಲ. ನನ್ನ ಕಥೆ ಅಲ್ಲಿದೆ.

ನನ್ನನ್ನು ಕಳಿಸಿದ್ದು ಚಿತ್ರದುರ್ಗಕ್ಕೆ. ಪಾಂಡುರಂಗ ಶೆಟ್ಟರ ಅಂಗಡಿಗೆ. ಅದು ಕಂಪ್ಯೂಟರ್ ಅಂಗಡಿಯಲ್ಲ. ಆಗ ಆ ಊರಿನಲ್ಲಿ ಅಂಥದ್ದು ಇರಲೂ ಇಲ್ಲ. ಹೊಲಿಗೆ ಮೆಷಿನ್, ಗೋಡೆ ಗಡಿಯಾರ, ಸೀಲಿಂಗ್ ಫ್ಯಾನ್ ಮಾರುವ ಅಂಗಡಿ. ಶೆಟ್ಟರಿಗೆ ಅರವತ್ತೆರಡು ವರ್ಷ. ಬಿಳಿ ಪಂಚೆ, ಕಪ್ಪು ಟೋಪಿ, ಮೇಜಿನ ಮೇಲೆ ಸದಾ ಒಂದು ಎಣ್ಣೆಯ ಪುಟ್ಟ ಡಬ್ಬಿ. ಯಾವ ಯಂತ್ರವೇ ಆಗಲಿ, ಶಬ್ದ ಮಾಡಿದರೆ ಅದಕ್ಕೆ ಎಣ್ಣೆ ಬೇಕು ಎಂಬುದು ಅವರ ಸಿದ್ಧಾಂತ. ಅವರ ಮೆಕ್ಯಾನಿಕ್ ಖುದ್ದೂಸ್. ಶೆಟ್ಟರ ಜೊತೆ ಇಪ್ಪತ್ತಾರು ವರ್ಷ ದುಡಿದವನು. ಊರಿನ ಅರ್ಧದಷ್ಟು ಟೈಲರುಗಳ ಮೆಷಿನ್ನಿನ ಕಾಯಿಲೆ ಅವನಿಗೆ ಬಾಯಿಪಾಠ.

ನನ್ನ ಜೊತೆ ಬಂದವನು ಕಂಪನಿಯ ಸೇಲ್ಸ್‌ಮನ್ ಜಯಸಿಂಹ. ಟೈ ಕಟ್ಟಿದ್ದ ಯುವಕ, ನಗು ಯಾವತ್ತೂ ಮುಖ ಬಿಡುತ್ತಿರಲಿಲ್ಲ. ಅವನು ಮೂರು ವಸ್ತು ಇಳಿಸಿದ: ನಾನು, ಒಂದು ಬಣ್ಣದ ಟಿ.ವಿ., ಮತ್ತು ಕೆಳಗೆ ಬೀರು ಇರುವ ಒಂದು ಮೇಜು. ಬೀರುವಿಗೆ ಬೀಗ, ಬೀಗದ ಮೇಲೆ ಅರಗಿನ ಸೀಲು.

"ಒಳಗೇನೈತೆ?" ಎಂದರು ಶೆಟ್ಟರು.

"ಸ್ಟೆಬಿಲೈಜರ್ ಸಾರ್. ಹೈ ವೋಲ್ಟೇಜ್. ಸೀಲ್ ಒಡೆದ್ರೆ ಗ್ಯಾರಂಟಿ ಹೋಗುತ್ತೆ. ಇದರ ಸ್ವಿಚ್ ಮಾತ್ರ ಯಾವತ್ತೂ ಆಫ್ ಮಾಡ್ಬೇಡಿ."

ಸ್ಟೆಬಿಲೈಜರ್ ಎಂದರೆ ಶೆಟ್ಟರಿಗೆ ಗೊತ್ತಿತ್ತು. ಗ್ಯಾರಂಟಿ ಎಂದರೂ ಗೊತ್ತಿತ್ತು. ಖುದ್ದೂಸ್ ಮಾತ್ರ ಬೀರುವಿಗೆ ಕಿವಿಯಿಟ್ಟು ಕೇಳಿ, "ಗುಂಯ್ ಅನ್ನಲ್ವಲ್ಲ. ಎಂಥ ಸ್ಟೆಬಿಲೈಜರ್ ಇದು" ಎಂದ.

ಮೊದಲ ಪ್ರದರ್ಶನದ ದಿನವೇ ನನಗೆ ಅನುಮಾನ ಬಂತು. ಜಯಸಿಂಹ ನನ್ನ ಕೀಲಿಗಳ ಮೇಲೆ ಬೆರಳಾಡಿಸಿದ. ೩೪೫ ಗುಣಿಸು ೨೭. ನಾನು ಕೂಡಲೇ ಉತ್ತರ ಸಿದ್ಧಮಾಡಿ ತಂತಿಗೆ ಕೊಟ್ಟೆ. ಆ ತಂತಿ ಮೇಜಿನ ತೂತಿನೊಳಗೆ ಇಳಿದು, ಅಲ್ಲಿಯೇ ತುದಿ ಬಿಚ್ಚಿಕೊಂಡು ನೇತಾಡುತ್ತಿತ್ತು. ಅದು ಟಿ.ವಿ.ಯವರೆಗೆ ಹೋಗಲೇ ಇಲ್ಲ. ಆದರೂ ಟಿ.ವಿ.ಯಲ್ಲಿ ೯೩೧೫ ಎಂದು ದೊಡ್ಡದಾಗಿ ಮೂಡಿತು. ಹೂವು ಅರಳಿತು. ಬಣ್ಣದ ಪಂಚಾಂಗ ಬಂತು. ಮನೆಯ ಜಿನಸಿ ಪಟ್ಟಿ ಅಚ್ಚಗನ್ನಡದ ಅಕ್ಷರಗಳಲ್ಲಿ ಬಂತು. ಒಬ್ಬ ಹೆಂಗಸಿನ ಇಂಪಾದ ದನಿ, "ನಮಸ್ಕಾರ, ನಾನು ಗೃಹಮಿತ್ರ, ಮನೆಗೊಬ್ಬ ಮೇಷ್ಟ್ರು" ಎಂದಿತು.

ಜನ ಚಪ್ಪಾಳೆ ತಟ್ಟಿದರು. ಅದು ನನ್ನ ದನಿಯಲ್ಲ. ನನಗೆ ದನಿಯೇ ಇಲ್ಲ, ತಪ್ಪು ಕೀಲಿ ಒತ್ತಿದರೆ ಕೀಂ ಎನ್ನುವುದೊಂದನ್ನು ಬಿಟ್ಟು. ನನ್ನ ಕೆಂಪು ದೀಪ ಉರಿಯುತ್ತಿತ್ತು, ನಾನು ಉತ್ತರ ಹೇಳುತ್ತಲೇ ಇದ್ದೆ, ಹೊಗಳಿಕೆ ಮಾತ್ರ ಬೇರೆ ಯಾರದೋ ಕೆಲಸಕ್ಕೆ. ಮೇಜಿನ ಕೆಳಗೆ, ಸೀಲು ಹಾಕಿದ ಬೀರುವಿನಲ್ಲಿ, ಏನೋ ಮೆಲ್ಲಗೆ ತಿರುಗುತ್ತಿತ್ತು.

ಆ ಪ್ರದರ್ಶನಕ್ಕೆ ಊರಿನ ಮೂವರು ಮೇಷ್ಟ್ರುಗಳನ್ನು ಕರೆಸಿದ್ದರು. ಅವರಲ್ಲಿ ಒಬ್ಬರು ಮಂಗಳಗೌರಿ ಮೇಡಂ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳುತ್ತಿದ್ದವರು. ಎತ್ತರದ ಮೈಕಟ್ಟು, ಕೈಯಲ್ಲಿ ಸದಾ ಖಾಕಿ ಬಣ್ಣದ ಚೀಲ. ಅವರು ಚಪ್ಪಾಳೆ ತಟ್ಟಲಿಲ್ಲ. ಪರದೆ ನೋಡುವುದನ್ನು ಬಿಟ್ಟು ಜಯಸಿಂಹನ ಎಡಗೈ ನೋಡುತ್ತಿದ್ದರು. ಆಟ ಶುರುವಾಗುವ ಮುಂಚೆ ಆ ಕೈ ಮೇಜಿನ ಅಡಿಗೆ ಹೋಗಿ ಬಂದಿತ್ತು.

"ಹೇಗಿದೆ ಮೇಡಂ?" ಎಂದ ಜಯಸಿಂಹ. ಅವನು ಕರೆತಂದಿದ್ದ ಫೋಟೋದವನು ಕ್ಯಾಮೆರಾ ಎತ್ತಿದ.

"ನಾನೇ ಒಂದು ಲೆಕ್ಕ ಕೊಟ್ಟು ನೋಡಬೇಕಪ್ಪ. ನೋಡದೆ ಏನೂ ಹೇಳಲ್ಲ. ಮಕ್ಕಳಿಗೆ ಉಪಯೋಗ ಆಗುತ್ತೋ ಇಲ್ಲವೋ ಅದು ಆಮೇಲಿನ ಮಾತು."

"ಖಂಡಿತ ಮೇಡಂ. ಇನ್ನೊಂದ್ ದಿನ ಬನ್ನಿ. ಇವತ್ತು ಕೀಬೋರ್ಡ್ ಬಿಸಿ ಆಗಿದೆ."

ಹತ್ತು ದಿನಕ್ಕೆ ಜಿಲ್ಲೆಯ ಪತ್ರಿಕೆಯಲ್ಲಿ ಜಾಹೀರಾತು ಬಂತು. ಕಾಲು ಪುಟ. ಶೆಟ್ಟರು ಅದನ್ನು ಕತ್ತರಿಸಿ ನನ್ನ ಪಕ್ಕದ ಗಾಜಿಗೆ ಅಂಟಿಸಿದರು, ಹಾಗಾಗಿ ನನಗೆ ಪೂರ್ತಿ ಗೊತ್ತು. "ಮನೆಗೊಬ್ಬ ಮೇಷ್ಟ್ರು! ಕನ್ನಡದಲ್ಲಿ ಮಾತಾಡುತ್ತದೆ! ಜಿನಸಿ ಪಟ್ಟಿ ಬರೆಯುತ್ತದೆ! ಪಂಚಾಂಗ ಹೇಳುತ್ತದೆ! ಗಣಿತದಲ್ಲಿ ಹಿಂದುಳಿದವರಿಗೆ ವರದಾನ!" ಕೆಳಗೆ ಮಂಗಳಗೌರಿ ಮೇಡಂ ಅವರ ಫೋಟೋ. ಅದರ ಕೆಳಗೆ, ಅವರದೇ ಮಾತೆಂಬಂತೆ: "ನಾನೇ ಲೆಕ್ಕ ಕೊಟ್ಟು ನೋಡಿದ್ದೇನೆ. ಪ್ರತಿ ಮನೆಯಲ್ಲೂ ಇರಬೇಕು."

ಅದೇ ದಿನ ಸಂಜೆ ಮೇಡಂ ಅಂಗಡಿಗೆ ಬಂದರು. ದನಿ ಏರಿಸಲಿಲ್ಲ.

"ಜಯಸಿಂಹ, ನಾನು ಯಾವಾಗಪ್ಪ ಲೆಕ್ಕ ಕೊಟ್ಟೆ?"

"ಅದು ಪ್ರೆಸ್ಸಿನವರು ಚಿಕ್ಕದು ಮಾಡಿದ್ದಾರೆ ಮೇಡಂ. ಭಾವ ಒಂದೇ ಅಲ್ವಾ?"

"ಅಲ್ಲ. ನೋಡ್ಬೇಕು ಅಂದೆ, ನೋಡಿದ್ದೇನೆ ಅಂತ ಬರೆದಿದ್ದೀಯ. ಎದ್ದೇಳು, ಈಗ ನೋಡ್ತೀನಿ."

"ಈಗ ವೋಲ್ಟೇಜ್ ಇಲ್ಲ ಮೇಡಂ."

ಮೇಡಂ ತಲೆಯೆತ್ತಿ ನೋಡಿದರು. ಶೆಟ್ಟರ ಎಲ್ಲ ಫ್ಯಾನುಗಳೂ ಜೋರಾಗಿ ತಿರುಗುತ್ತಿದ್ದವು. ಅವರು ಹೊರಟುಹೋದರು. ಅವರು ಬಾಗಿಲು ದಾಟಿದ ಮೇಲೆ ಜಯಸಿಂಹ ಶೆಟ್ಟರ ಕಡೆ ತಿರುಗಿ ನಕ್ಕ. "ಕಂಪನಿಯಲ್ಲಿ ಇದನ್ನೆಲ್ಲ ರೆಡಿ ಮಾಡ್ತಿದ್ದಾರೆ ಸಾರ್. ಆರು ತಿಂಗಳಲ್ಲಿ ಎಲ್ಲಾ ಬರುತ್ತೆ. ಇದು ಸುಳ್ಳಲ್ಲ, ಸ್ವಲ್ಪ ಮುಂಚೆ ಹೇಳ್ತಿರೋ ನಿಜ."

ಶೆಟ್ಟರಿಗೆ ಆ ಮಾತು ಅರ್ಥವಾಗಲಿಲ್ಲ. ಅವರು ನನ್ನನ್ನು ನಿಜವಾಗಿಯೂ ನಂಬಿದ್ದರು. ಅದೇ ನನಗೆ ಹೆಚ್ಚು ಕಷ್ಟವಾಗಿದ್ದು.

ಜಾಹೀರಾತು ಕೆಲಸ ಮಾಡಿತು. ಮೂರು ವಾರದಲ್ಲಿ ನನ್ನಂಥವು ಮೂರು ಬೆಂಗಳೂರಿನಿಂದ ಬಂದು ಮಾರಾಟವಾದವು. ಮಾತಾಡುವ ಕ್ಯಾಸೆಟ್ಟು ಹಿಂದಿನಿಂದ ಬರುತ್ತದೆ ಎಂದು ಜಯಸಿಂಹ ಕೊಂಡವರಿಗೆ ಹೇಳಿದ್ದ. ಮೂರು ಮನೆಯವರೂ ಅದೇ ಮಾತು ಹೇಳಿದರು: "ಮಂಗಳಗೌರಿ ಮೇಡಂ ನೋಡ್ಯವ್ರಲ್ಲ, ಇನ್ನೇನು." ನನ್ನನ್ನು ಯಾರೂ ನಂಬಿರಲಿಲ್ಲ. ಅವರನ್ನು ನಂಬಿದ್ದರು. ಊರಿನ ಎರಡು ತಲೆಮಾರಿನ ಹೆಣ್ಣುಮಕ್ಕಳಿಗೆ, ಉತ್ತರ ಬರೆದ ಮೇಲೆ ತಾಳೆ ನೋಡದೆ ಗೆರೆ ಎಳೆಯಬೇಡಿ ಎಂದು ಕಲಿಸಿದವರು ಅವರು. ಈಗ ಅವರೇ ತಾಳೆ ನೋಡದೆ ಸಹಿ ಹಾಕಿದಂತಾಗಿತ್ತು. ಪತ್ರಿಕೆಯ ಕಚೇರಿಗೆ ಹೋಗಿ ಕೇಳಿದರೆ, ಸುದ್ದಿ ತಪ್ಪಾದರೆ ತಿದ್ದುಪಡಿ ಹಾಕುತ್ತೇವೆ, ಜಾಹೀರಾತಿಗೆ ಜಾಹೀರಾತು ಕೊಟ್ಟವರೇ ಹೊಣೆ ಎಂದು ಕಳಿಸಿದರಂತೆ. ಇದನ್ನು ಅವರೇ ಖುದ್ದೂಸನಿಗೆ ಹೇಳಿದ್ದು, ಅವರ ಮನೆಯ ಹೊಲಿಗೆ ಮೆಷಿನ್ ರಿಪೇರಿಗೆ ತಂದ ದಿನ. "ಯಂತ್ರ ಸುಳ್ಳೋ ನಿಜವೋ ನನಗೆ ಗೊತ್ತಿಲ್ಲ ಖುದ್ದೂಸ್. ಗೊತ್ತಿಲ್ಲದ್ದನ್ನ ಗೊತ್ತು ಅಂದಂಗಾಯ್ತಲ್ಲ, ಅದು ನನ್ನ ಕುತ್ತಿಗೇಲಿ ಸಿಕ್ಕೊಂಡೈತೆ."

ಹೀಗಿರುವಾಗ ದಸರಾ ಬಂತು. ಜಯಸಿಂಹ ಮಹಾನವಮಿಯ ಹಿಂದಿನ ದಿನ ಬೆಂಗಳೂರಿಗೆ ಹೊರಟ. ಹೊರಡುವ ಮುಂಚೆ ಬೀರುವಿನ ಮುಂದೆ ಒಬ್ಬನೇ ಕೂತು ಏನೋ ಮಾಡಿದ. ಒಳಗೆ ಏನೋ ಸರ್ರನೆ ಹಿಂದಕ್ಕೆ ತಿರುಗಿ ಟಕ್ಕೆಂದು ನಿಂತಿತು. ಬೀಗಕ್ಕೆ ಹೊಸ ಅರಗು ಹಾಕಿ ಹೋದ.

ಆಯುಧಪೂಜೆ ಶೆಟ್ಟರ ಅಂಗಡಿಯಲ್ಲಿ ದೊಡ್ಡ ಹಬ್ಬ. ಬೆಳಗಿನಿಂದ ಖುದ್ದೂಸ್ ಪ್ರತಿಯೊಂದು ಉಪಕರಣವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಹಲಗೆಯ ಮೇಲೆ ಸಾಲಾಗಿ ಇಟ್ಟ. ಸ್ಕ್ರೂಡ್ರೈವರುಗಳು, ಇಕ್ಕಳ, ಸುತ್ತಿಗೆ, ಕತ್ತರಿ, ಸ್ಪ್ಯಾನರು. ಅಂಗಡಿಯ ನಿಯಮ ಕಟ್ಟುನಿಟ್ಟು: ನವಮಿಯಂದು ಪೂಜೆಗೆ ಇಟ್ಟದ್ದನ್ನು ದಶಮಿ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ, ದುಡಿಸುವಂತಿಲ್ಲ. ವರ್ಷಕ್ಕೊಂದು ದಿನ ಅವುಗಳಿಗೂ ರಜ.

"ಇದನ್ನೂ ಇಡೋಣ. ಇದೂ ದುಡಿಯೋ ಜೀವ," ಎಂದರು ಶೆಟ್ಟರು ನನ್ನನ್ನು ತೋರಿಸಿ.

ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಖುದ್ದೂಸ್ ನನ್ನ ವೈರನ್ನು ಗೋಡೆಯಿಂದ ಕಿತ್ತು, ಸುರುಳಿ ಸುತ್ತಿ, ಮೇಜಿನ ತೂತಿಗೆ ಇಳಿದಿದ್ದ ತಂತಿಯನ್ನು ನನ್ನ ಬೆನ್ನಿನಿಂದ ಬಿಡಿಸಿ ಅಲ್ಲೇ ಬಿಟ್ಟು, ನನ್ನನ್ನು ಮೇಜಿನಿಂದ ಎತ್ತಿ ಪೂಜೆಯ ಹಲಗೆಯ ಮೇಲೆ ಮಲಗಿಸಿದ. ಮೇಜು ಬರಿದಾಯಿತು. ಶೆಟ್ಟರು ಕುಂಕುಮ ಹಚ್ಚಲು ಬಂದರು. ಕಬ್ಬಿಣಕ್ಕೆ ಹಿಡಿಯುವ ಕುಂಕುಮ ನನ್ನ ಪ್ಲಾಸ್ಟಿಕ್ಕಿಗೆ ಹಿಡಿಯಲಿಲ್ಲ, ಜಾರಿತು. ಆಗ ಅವರು ನಲವತ್ತು ವರ್ಷದ ಅಭ್ಯಾಸದಂತೆ ಎಣ್ಣೆ ಡಬ್ಬಿ ತೆಗೆದು, ನನ್ನ ಕೀಲಿಗಳ ಸಂದಿಗೆ ಎರಡು ಹನಿ ಬಿಟ್ಟು, "ಸ್ವಲ್ಪ ಸಲೀಸಾಗ್ಲಿ" ಎಂದು, ಅದರ ಮೇಲೆ ಕುಂಕುಮ ಒತ್ತಿದರು. ಎಣ್ಣೆ ಬೆರೆತ ಕುಂಕುಮ ಏಳರ ಕೀಲಿಯ ಬುಡಕ್ಕೆ ಇಳಿಯಿತು. ಪ್ರೀತಿಯಿಂದ ಮಾಡಿದ ಅನ್ಯಾಯವದು, ನಾನು ದೂರುವುದಿಲ್ಲ.

ಟಿ.ವಿ.ಗೆ ಮಾತ್ರ ರಜ ಇರಲಿಲ್ಲ. ಅದು ನೋಡುವ ವಸ್ತು, ದುಡಿಯುವ ವಸ್ತುವಲ್ಲ ಎಂದು ಶೆಟ್ಟರು ತೀರ್ಮಾನಿಸಿದ್ದರು. ದಸರಾ ಕಾರ್ಯಕ್ರಮ ಬರಬಹುದೆಂದು ಹಾಕಿಟ್ಟಿದ್ದರು. ಪರದೆಯ ತುಂಬ ಎಳ್ಳು ಚೆಲ್ಲಿದಂತೆ ಚುಕ್ಕಿಗಳಷ್ಟೇ ಕುಣಿಯುತ್ತಿದ್ದವು.

ಮಧ್ಯಾಹ್ನದ ಹೊತ್ತಿಗೆ ಹತ್ತಿಪ್ಪತ್ತು ಜನ ಸೇರಿದರು. ಮಂಗಳಗೌರಿ ಮೇಡಂ ಕೂಡ ಬಂದರು. ಪ್ರತಿ ವರ್ಷ ಬರುವ ಮನೆ, ಜಗಳಕ್ಕೆಂದು ಪೂಜೆ ತಪ್ಪಿಸುವವರಲ್ಲ. ಅವರಿಗೆ ತಾಂಬೂಲ ಕೊಡುತ್ತಿರುವಾಗ ಬಾಗಿಲಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ತೂಕ ಹಾಕುವ ತಿಪ್ಪೇರುದ್ರಪ್ಪ. ಹಬ್ಬಕ್ಕೆ ತಂಗಿಯ ಮನೆಗೆ ಬಂದವನು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಆ ಜಾಹೀರಾತು.

"ಶೆಟ್ರೆ, ಆ ಮೇಷ್ಟ್ರು ಮೆಷಿನ್ ಬೇಕಾಗಿತ್ತು. ನಮ್ಮ ನಾಗವೇಣಿ ಲೆಕ್ಕದಾಗೆ ಎಲ್ಡು ಸಲ ಡುಮ್ಕಿ ಹೊಡ್ದವ್ಳೆ." ಆಮೇಲೆ ಮೇಡಂ ಮುಖ ನೋಡಿ, ಕಾಗದ ನೋಡಿ, ಕೈ ಮುಗಿದ. "ಅಯ್ಯೋ, ನೀವೇ ಅಲ್ವ್ರಾ ತಾಯಿ! ನೀವು ಹೇಳೀರಿ ಅಂತ್ಲೇ ಬಂದಿದ್ದು. ಅವಳಮ್ಮನ ಒಂದೆಳೆ ಸರ ಮಾರ್ಕೊಂಡು ಬಂದೀನಿ."

ಮೇಡಂ ಕೈಯಲ್ಲಿದ್ದ ತಾಂಬೂಲ ಹಾಗೇ ನಿಂತಿತು.

"ಇವತ್ತು ಮಾರಲ್ಲ. ಮೆಷಿನ್ ಪೂಜೆಲಿ ಐತೆ, ಮುಟ್ಟಂಗಿಲ್ಲ. ನಾಳೆ ಬಾರಪ್ಪ," ಎಂದರು ಶೆಟ್ಟರು.

ಮೇಡಂ ನನ್ನ ಕಡೆ ನೋಡಿದರು. ಸುರುಳಿ ಸುತ್ತಿದ ವೈರು, ಸೇವಂತಿಗೆ ಹಾರ, ಮೈತುಂಬ ಕುಂಕುಮ. ಅನಂತರ ಬರಿದಾದ ಮೇಜಿನ ಬಳಿಗೆ ಹೋಗಿ, ಬಾಗಿ, ಅದರ ಅಂಚಿನ ಕೆಳಗೆ ನೋಡಿದರು. ಜಯಸಿಂಹನ ಎಡಗೈ ಹೋಗಿಬರುತ್ತಿದ್ದ ಜಾಗ. ಅಲ್ಲಿ ಮೊಳೆಗೆ ಸಿಕ್ಕಿಸಿದ ಒಂದು ಚಿಕ್ಕ ಡಬ್ಬಿ, ಅದರಲ್ಲಿ ಒಂದು ಗುಂಡಿ, ಅದರಿಂದ ಬೀರುವಿನೊಳಗೆ ಹೋದ ಒಂದು ವೈರು.

"ಖುದ್ದೂಸ್, ಅಂಗಡೀಲಿ ಸೂಜಿಗೂ ಕುಂಕುಮ ಹಚ್ಚಿದ್ದೀರಿ. ಇದಕ್ಕೆ ಯಾಕೆ ಹಚ್ಚಿಲ್ಲ?"

"ಅದು ಸ್ಟೆಬಿಲೈಜರ್ ಗುಂಡಿ ಅಂದಿದ್ರು ಮೇಡಂ. ಮುಟ್ಬೇಡ ಅಂದ್ರು. ಅದು ಐತೆ ಅಂತ್ಲೇ ಮರ್ತೋಯ್ತು."

"ಪೂಜೆ ಆಗದೆ ಇರೋದನ್ನ ಮುಟ್ಟಬಹುದು ತಾನೆ ಶೆಟ್ರೆ?"

ಶೆಟ್ಟರು ಒಂದು ಕ್ಷಣ ಯೋಚಿಸಿದರು. ನಿಯಮದ ಪ್ರಕಾರ ಅಡ್ಡಿಯಿರಲಿಲ್ಲ. ಮೇಡಂ ಗುಂಡಿ ಒತ್ತಿದರು.

ಎಳ್ಳುಚುಕ್ಕಿ ಮಾಯವಾಯಿತು. ಟಿ.ವಿ.ಯಲ್ಲಿ ಹೂವು ಅರಳಿತು. "ನಮಸ್ಕಾರ, ನಾನು ಗೃಹಮಿತ್ರ, ಮನೆಗೊಬ್ಬ ಮೇಷ್ಟ್ರು." ಯಾರೂ ಯಾವ ಕೀಲಿಯನ್ನೂ ಒತ್ತದೆ ೩೪೫ ಗುಣಿಸು ೨೭ ಎಂಬ ಲೆಕ್ಕ ಬಂತು, ಅದರ ಉತ್ತರವೂ ಬಂತು. ನಾನು ಹಾರ ಹಾಕಿಕೊಂಡು, ಕರೆಂಟಿಲ್ಲದೆ, ಎಂಟು ಅಡಿ ದೂರದಲ್ಲಿ ಹಲಗೆಯ ಮೇಲೆ ಮಲಗಿದ್ದೆ.

ಮೂಲೆಯಲ್ಲಿದ್ದ ಒಬ್ಬ ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ನೋಡ್ರೇ, ಪೂಜೆ ಮಾಡಿದ್ಕೆ ತಾನಾಗೇ ಮಾತಾಡ್ತೈತೆ!"

ಶೆಟ್ಟರ ಕೈಯೂ ಮುಗಿಯಲು ಅರ್ಧ ಮೇಲೆದ್ದಿತು. ನಿಜ ಹೇಳಬೇಕೆಂದರೆ ಆ ಒಂದು ಗಳಿಗೆ ನಾನು ಹೆದರಿದೆ. ಜನ ಅದನ್ನು ಪವಾಡವೆಂದುಬಿಟ್ಟಿದ್ದರೆ ನನಗೆ ಈ ಜನ್ಮದಲ್ಲಿ ಬಿಡುಗಡೆ ಇರುತ್ತಿರಲಿಲ್ಲ.

ತಿಪ್ಪೇರುದ್ರಪ್ಪ ತೂಕದ ಮನುಷ್ಯ. ಅವನು ನನ್ನನ್ನೊಮ್ಮೆ, ಟಿ.ವಿ.ಯನ್ನೊಮ್ಮೆ ನೋಡಿದ. "ಅಲ್ಲ ಶೆಟ್ರೆ, ಮೇಷ್ಟ್ರು ಅಲ್ಲಿ ಮಲ್ಗವ್ರೆ. ಪಾಠ ಇಲ್ಲಿ ನಡೀತೈತೆ. ಮಾಡ್ತಿರೋರು ಯಾರು?"

"ಬೀರು ತೆಗೀರಿ," ಎಂದರು ಮೇಡಂ.

"ಸೀಲ್ ಐತಲ್ಲ ಮೇಡಂ. ಕೀ ಅವನ ಹತ್ರ."

"ಕೀ ಬೇಡ. ಕೀಲಿನ ತಿರುಪು ಬಿಚ್ಚಿದ್ರೆ ಬಾಗಿಲು ಬರುತ್ತೆ. ಖುದ್ದೂಸ್, ಸ್ಕ್ರೂಡ್ರೈವರ್ ಕೊಡಿ."

ಖುದ್ದೂಸ್ ಹಲಗೆಯ ಕಡೆ ಕೈ ಚಾಚಿ, ಹಾಗೇ ಹಿಂದಕ್ಕೆ ತೆಗೆದ. "ಪೂಜೆಲಿ ಅವೆ ಮೇಡಂ."

ಊರಿಗೆಲ್ಲ ಯಂತ್ರ ಬಿಚ್ಚಿ ಕೊಡುವ ಅಂಗಡಿಯಲ್ಲಿ ನಾಲ್ಕು ತಿರುಪು ಬಿಚ್ಚಲು ಆ ದಿನ ಒಂದು ಆಯುಧವೂ ಇರಲಿಲ್ಲ. ಟಿ.ವಿ.ಯಲ್ಲಿ ಆ ಇಂಪಾದ ದನಿ ಜಿನಸಿ ಪಟ್ಟಿ ಓದುತ್ತಿತ್ತು: ತೊಗರಿಬೇಳೆ ಎರಡು ಕೆ.ಜಿ., ಸಕ್ಕರೆ ಮೂರು ಕೆ.ಜಿ.

ಮೇಡಂ ಖಾಕಿ ಚೀಲದೊಳಗೆ ಕೈಹಾಕಿ ಒಂದು ಎಂಟಾಣೆ ತೆಗೆದರು. "ಇದು ನನ್ನ ಚೀಲದ್ದು. ನಿಮ್ಮ ಗಲ್ಲಾಪೆಟ್ಟಿಗೇದಲ್ಲ. ಇದಕ್ಕೆ ಪೂಜೆ ಆಗಿಲ್ಲ."

ಶೆಟ್ಟರು ನಾಣ್ಯವನ್ನೇ ನೋಡಿದರು. ಆಮೇಲೆ ಅದನ್ನು ಅವರ ಕೈಯಿಂದ ತಾವೇ ಇಸಿದುಕೊಂಡು, ಪಂಚೆ ಎತ್ತಿಕಟ್ಟಿ, ಆ ವಯಸ್ಸಿನಲ್ಲಿ ನೆಲಕ್ಕೆ ಕೂತು ತಿರುಪು ತಿರುಗಿಸಿದರು. ನಾಲ್ಕನೆಯದು ತುಕ್ಕು ಹಿಡಿದಿತ್ತು. ಎಣ್ಣೆ ಡಬ್ಬಿಗೂ ಪೂಜೆ ಆಗಿಹೋಗಿದ್ದರಿಂದ ಅದಕ್ಕೆ ಎಣ್ಣೆ ಬಿಡುವಂತಿರಲಿಲ್ಲ. ಬಹಳ ಹೊತ್ತು ಹಿಡಿಯಿತು.

ಬಾಗಿಲು ಕಳಚಿತು. ಒಳಗೆ ಸ್ಟೆಬಿಲೈಜರ್ ಇರಲಿಲ್ಲ. ಒಂದು ವಿ.ಸಿ.ಆರ್. ಇತ್ತು, ಊರಿನ ವಿಡಿಯೊ ಪಾರ್ಲರಿನಲ್ಲಿ ಸಿನಿಮಾ ಹಾಕುವಂಥದ್ದೇ. ಅದರ ಕಿಟಕಿಯಲ್ಲಿ ಎರಡು ಚಕ್ರ ಮೆಲ್ಲಗೆ ತಿರುಗುತ್ತಿದ್ದವು. ನನ್ನ ತಂತಿಯ ಬಿಚ್ಚಿದ ತುದಿ ಅದರ ಪಕ್ಕದಲ್ಲಿ ಸತ್ತ ಹಾವಿನಂತೆ ಬಿದ್ದಿತ್ತು.

"ಸಿನಿಮಾ!" ಎಂದ ತಿಪ್ಪೇರುದ್ರಪ್ಪ. "ನಾನು ಸಿನಿಮಾಕ್ಕೆ ಸರ ಮಾರ್ಕೊಂಡ್ ಬಂದೆ."

ಶೆಟ್ಟರು ಏಳಲಿಲ್ಲ. ನೆಲದ ಮೇಲೆ ಕೂತೇ ಹೇಳಿದರು. "ನಲ್ವತ್ತು ವರ್ಷ ಹೊಲಿಗೆ ಮೆಷಿನ್ ಮಾರಿದೀನಿ ಮೇಡಂ. ಒಂದಿನಾನೂ ಬೇರೆ ಮೆಷಿನ್ ಹೊಲ್ದಿದ್ದ ಬಟ್ಟೆ ತೋರ್ಸಿ ಇದು ಹೊಲೀತು ಅಂದಿಲ್ಲ."

"ನನಗೆ ಗೊತ್ತು ಶೆಟ್ರೆ," ಎಂದರು ಮೇಡಂ. "ನನ್ನ ಹೆಸರೂ ಹಂಗೇ ಇತ್ತು."

ಮರುದಿನ ವಿಜಯದಶಮಿ. ಬೆಳಿಗ್ಗೆ ಪೂಜೆ ಇಳಿಸಿದ ಕೂಡಲೇ ಖುದ್ದೂಸ್ ನನ್ನ ತಂತಿಯನ್ನು ನೇರವಾಗಿ ಟಿ.ವಿ.ಗೆ ಸಿಕ್ಕಿಸಿದ. ಮೇಡಂ ನನ್ನ ಮುಂದೆ ಕೂತರು. ನನ್ನ ಜೊತೆಗೆ ಬಂದಿದ್ದ ನಾಲ್ಕು ಪುಟದ ಇಂಗ್ಲಿಷ್ ಕೈಪಿಡಿಯನ್ನು ರಾತ್ರಿ ಓದಿಕೊಂಡು ಬಂದಿದ್ದರು. ತಿಪ್ಪೇರುದ್ರಪ್ಪ ಹಿಂದೆ ಕೈಕಟ್ಟಿ ನಿಂತ. ಇವತ್ತು ನೋಡಿಯೇ ಹೋಗುತ್ತೇನೆಂದು ಬಂದಿದ್ದ.

ಮೊದಲ ಬಾರಿಗೆ ನನ್ನ ಮಾತು ಪರದೆಗೆ ಹೋಗುವುದಿತ್ತು. ಮೇಡಂ ಒಂದು ಲೆಕ್ಕ ಕೊಟ್ಟರು: ೪೭೮೬ ಗುಣಿಸು ೫೯. ನಾನು ಉತ್ತರ ಬರೆದೆ: ೨೮೬೭೪.

ಮೇಡಂ ಹುಬ್ಬು ಗಂಟಿಕ್ಕಿದರು. ಅವರಿಗೆ ಉತ್ತರ ಬಾಯಿಲೆಕ್ಕದಲ್ಲೇ ಬಂದಿತ್ತು. "ಎರಡು ಲಕ್ಷ ಎಂಬತ್ತೆರಡು ಸಾವಿರದ ಮುನ್ನೂರ ಎಪ್ಪತ್ನಾಲ್ಕು ಬರ್ಬೇಕು."

"ಅದೂ ಸುಳ್ಳು ಹೇಳ್ತು, ಇದೂ ಸುಳ್ಳು ಹೇಳ್ತು!" ಎಂದ ತಿಪ್ಪೇರುದ್ರಪ್ಪ. "ಎದ್ದು ಬರ್ರಿ ತಾಯಿ. ಎಲ್ಲ ಒಂದೇ ಗುಂಪು."

ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ಕೆಟ್ಟ ಗಳಿಗೆ ಇನ್ನೊಂದಿಲ್ಲ. ನಾನು ಸರಿಯಾಗಿಯೇ ಮಾಡಿದ್ದೆ. ಹೇಳಲು ಬಾಯಿರಲಿಲ್ಲ.

ಮೇಡಂ ಏಳಲಿಲ್ಲ. ತಪ್ಪು ಉತ್ತರ ಬರೆದ ಹುಡುಗಿಯ ಸ್ಲೇಟನ್ನು ನೋಡುವಂತೆ ಪರದೆಯನ್ನು ನೋಡಿದರು: ಉತ್ತರದಿಂದ ಹಿಂದಕ್ಕೆ, ಒಂದೊಂದೇ ಹೆಜ್ಜೆ. ಅಲ್ಲಿ ೪೮೬ ಗುಣಿಸು ೫೯ ಎಂದಿತ್ತು. ಏಳು ಬಿದ್ದಿರಲಿಲ್ಲ. ಅವರು ಏಳರ ಕೀಲಿಯನ್ನು ಮುಟ್ಟಿ ಬೆರಳು ನೋಡಿಕೊಂಡರು. ಕೆಂಪಾಗಿತ್ತು.

"ಇಲ್ಲ ತಿಪ್ಪೇರುದ್ರಪ್ಪ. ನಾನು ಹೇಳಿದ್ದು ಇದಕ್ಕೆ ಪೂರ್ತಿ ತಲುಪಿಲ್ಲ. ತಲುಪಿದ್ದಕ್ಕೆ ಸರಿಯಾಗೇ ಉತ್ತರ ಕೊಟ್ಟಿದೆ. ಶೆಟ್ರ ಎಣ್ಣೆ ಕುಂಕುಮ ಮಧ್ಯೆ ಬಂದಿದೆ."

ಶೆಟ್ಟರು ನಾಲಿಗೆ ಕಚ್ಚಿಕೊಂಡರು. ಮೇಡಂ ಏಳನ್ನು ಎರಡು ಸಲ ಒತ್ತಿದರು. ನಾನು ಬರೆದೆ: ೨೮೨೩೭೪.

ಆ ದಿನ ಅವರು ನನ್ನನ್ನು ಮಧ್ಯಾಹ್ನದವರೆಗೆ ಪರೀಕ್ಷಿಸಿದರು. ನಾನು ಕೊಟ್ಟ ಪ್ರತಿಯೊಂದು ಉತ್ತರವನ್ನೂ ಕಾಗದದ ಮೇಲೆ ತಾವೇ ಮಾಡಿ ತಾಳೆ ನೋಡಿದರು. ಕೊನೆಗೆ ತಿಪ್ಪೇರುದ್ರಪ್ಪ ಕೇಳಿದ, "ಹಂಗಾರೆ ಇದು ನನ್ ಮಗಳ್ನ ಪಾಸ್ ಮಾಡ್ಸುತ್ತಾ?"

"ಇಲ್ಲ. ಇದಕ್ಕೆ ಲೆಕ್ಕ ಮಾಡಕ್ಕೆ ಬರುತ್ತೆ, ಹೇಳಿಕೊಡಕ್ಕೆ ಬರಲ್ಲ. ಆ ದುಡ್ಡು ಕೊಟ್ಟು ಸರ ವಾಪಸ್ ತಗೊಳ್ಳಿ. ಭಾನುವಾರ ಭಾನುವಾರ ನಾಗವೇಣೀನ ಬಸ್ ಹತ್ತಿಸಿ ನನ್ನ ಹತ್ರ ಕಳ್ಸಿ."

ಎರಡು ದಿನ ಬಿಟ್ಟು ಜಯಸಿಂಹ ಬಂದ. ಕಳಚಿದ ಬಾಗಿಲನ್ನು ನೋಡಿದಾಗ ಅವನ ನಗು ಮೊದಲ ಸಲ ಹೋಯಿತು. ಮೇಡಂಗೆ ಒಂದು ಹೊಸ ಮೆಷಿನ್ ಉಚಿತವಾಗಿ ಕೊಡುತ್ತೇನೆಂದ. "ಸುಮ್ನೆ ದೊಡ್ಡದು ಮಾಡ್ಬೇಡಿ ಮೇಡಂ. ಎಲ್ಲ ಊರಲ್ಲೂ ಹೀಗೇ ತೋರಿಸೋದು. ಜನ ಐದು ನಿಮಿಷ ಕ್ಯಾಸೆಟ್ ಲೋಡ್ ಆಗೋವರೆಗೂ ಕಾಯಲ್ಲ."

"ನಾನು ಕಾಯ್ತಿದ್ದೆ," ಎಂದರು ಮೇಡಂ. "ನನ್ನ ಕೇಳಬೇಕಿತ್ತು."

ಅವರು ಕೇಳಿದ್ದು ಒಂದೇ: ಅದೇ ಪತ್ರಿಕೆಯಲ್ಲಿ, ಅದೇ ಜಾಗದಲ್ಲಿ, ಅಷ್ಟೇ ಅಳತೆಯ ಇನ್ನೊಂದು ಜಾಹೀರಾತು. ಜಯಸಿಂಹ ಕಂಪನಿ ಒಪ್ಪುವುದಿಲ್ಲ ಎಂದ. ಶೆಟ್ಟರು, ಕಂಪನಿಯನ್ನು ಯಾರು ಕೇಳಿದರು, ಅಂಗಡಿಯ ಹೆಸರಿನಲ್ಲಿ ನಾನೇ ಹಾಕಿಸುತ್ತೇನೆ ಎಂದರು. ಹಾಗೇ ಹಾಕಿಸಿದರು.

ಫೋಟೋ ಇಲ್ಲ, ಹೂವಿಲ್ಲ. "ಈ ಯಂತ್ರ ಮಾಡುವುದು" ಎಂದು ಆರು ಸಾಲು. "ಈ ಯಂತ್ರ ಮಾಡದಿರುವುದು" ಎಂದು ಹನ್ನೊಂದು ಸಾಲು. ಕನ್ನಡ ಮಾತಾಡುವುದಿಲ್ಲ. ಪಂಚಾಂಗ ಹೇಳುವುದಿಲ್ಲ. ಕರೆಂಟು ಹೋದರೆ ಏನನ್ನೂ ನೆನಪಿಡುವುದಿಲ್ಲ. ಮೇಷ್ಟ್ರಲ್ಲ. ಕೊನೆಯಲ್ಲಿ: "ಹಿಂದಿನ ಜಾಹೀರಾತಿನಲ್ಲಿ ನಾನು ನೋಡಿದ್ದೇನೆಂದು ಪ್ರಕಟವಾಗಿತ್ತು. ಆಗ ನೋಡಿರಲಿಲ್ಲ. ಈಗ ನೋಡಿದ್ದೇನೆ. ಟಿ. ಮಂಗಳಗೌರಿ, ಗಣಿತ ಶಿಕ್ಷಕಿ."

ಮಾರಿದ್ದ ಮೂರು ಯಂತ್ರಗಳಲ್ಲಿ ಎರಡು ವಾಪಸು ಬಂದವು. ಮೂರನೆಯ ಮನೆಯವರು ಕೊಡಲಿಲ್ಲ. ಅವರು ಅದನ್ನು ಷೋಕೇಸಿನಲ್ಲಿ ಕ್ರೋಷಾ ಬಟ್ಟೆ ಹೊದಿಸಿ ಇಟ್ಟಿದ್ದರು, ಮನೆಗೆ ಲಕ್ಷಣವಾಗಿದೆ ಎಂದರಂತೆ. ಆಮೇಲೆ ಆ ಊರಿನಲ್ಲಿ ನನ್ನಂಥದ್ದು ಇನ್ನೊಂದು ಮಾರಾಟವಾಗಲಿಲ್ಲ. ವರ್ಷ ಕಳೆಯುವುದರೊಳಗೆ ಬೆಂಗಳೂರಿನ ಕಂಪನಿಯ ಫೋನ್ ಎತ್ತುವವರೂ ಇಲ್ಲವಾದರು. ಶೆಟ್ಟರು ನನ್ನನ್ನು ಮೇಡಂ ಶಾಲೆಗೆ ಕೊಟ್ಟರು. ಜಾಹೀರಾತಿನ ಆ ಪಟ್ಟಿಯನ್ನು ಮೇಡಂ ಕೈಬರಹದಲ್ಲಿ ಬರೆದು ನನ್ನ ಬೆನ್ನಿಗೆ ಅಂಟಿಸಿದರು. ಕೆಳಗೆ ಒಂದು ಸಾಲು ಹೊಸದಾಗಿ ಸೇರಿಸಿದರು: "೭ ಒಮ್ಮೊಮ್ಮೆ ಬೀಳುವುದಿಲ್ಲ. ಬಿದ್ದಿದೆಯೇ ನೋಡಿ ಮುಂದುವರಿಯಿರಿ."

ಒಂಬತ್ತು ವರ್ಷ ನಾನು ಆ ಶಾಲೆಯಲ್ಲಿ ದುಡಿದೆ. ವಾರಕ್ಕೆ ಎರಡು ಪಿರಿಯಡ್ಡು. ಮೊದಲ ತರಗತಿಯಲ್ಲಿ ಮೇಡಂ ಪ್ರತಿ ವರ್ಷ ಅದೇ ಲೆಕ್ಕ ಕೊಡುತ್ತಿದ್ದರು, ೪೭೮೬ ಗುಣಿಸು ೫೯. ಏಳನ್ನು ಹಗುರವಾಗಿ ಒಂದೇ ಸಲ ಒತ್ತಿ ಸುಮ್ಮನೆ ನಿಲ್ಲುತ್ತಿದ್ದರು. ಹುಡುಗಿಯರು ನನ್ನ ಉತ್ತರವನ್ನು ನೋಟುಬುಕ್ಕಿಗೆ ಬರೆದುಕೊಳ್ಳುತ್ತಿದ್ದರು. ಯಾವಳಾದರೂ ಒಬ್ಬಳು "ಮೇಡಂ, ಇದು ಸರಿಯಿಲ್ಲ" ಎನ್ನುವವರೆಗೆ ಪಾಠ ಮುಂದಕ್ಕೆ ಹೋಗುತ್ತಿರಲಿಲ್ಲ. ಮೊದಲ ವರ್ಷ ಹಾಗೆ ಎದ್ದು ಹೇಳಿದವಳು ಭಾನುವಾರದ ಪಾಠಕ್ಕೆ ಬರುತ್ತಿದ್ದ, ಆ ದಿನ ಮೇಡಂ ತರಗತಿಯಲ್ಲೂ ಕೂರಿಸಿದ್ದ ನಾಗವೇಣಿ. ಅವಳು ಮೂರನೆಯ ಸಲ ಪಾಸಾದಳು, ಮೂವತ್ತೊಂಬತ್ತು ಅಂಕ. ತಿಪ್ಪೇರುದ್ರಪ್ಪ ಒಂದು ಡಬ್ಬಿ ಶೇಂಗಾ ಎಣ್ಣೆ ತಂದು ಕೊಟ್ಟು, ನನ್ನನ್ನು ದೂರದಿಂದಲೇ ನೋಡಿ ಹೋದ. ಅವನು ಕೊನೆಯವರೆಗೂ ನನ್ನನ್ನು ನಂಬಲಿಲ್ಲ. ಮೇಡಂ ಕೂಡ ನಂಬಲಿಲ್ಲ. ದಿನವೂ ತಾಳೆ ನೋಡಿದರು. ಅವರ ಆ ಅನುಮಾನದ ನೆರಳಿನಲ್ಲಿ ನನ್ನ ಮೇಲೆ ಇನ್ಯಾರಿಗೂ ಒಂದು ಸುಳ್ಳನ್ನೂ ಹೊರಿಸಲಾಗಲಿಲ್ಲ.

ಈಗ ನಾನು ಶಾಲೆಯ ಸ್ಟೋರ್ ರೂಮಿನಲ್ಲಿದ್ದೇನೆ. ಪಕ್ಕದಲ್ಲಿ ಒಡೆದ ಗ್ಲೋಬು, ಎದುರಿಗೆ ಕಾಲು ಮುರಿದ ಬೆಂಚು. ಹೊರಗೆ ಹೊಸ ಕಂಪ್ಯೂಟರುಗಳು ಬಂದಿವೆ. ಅವುಗಳ ಪೆಟ್ಟಿಗೆಗಳ ಮೇಲಿನ ಮಾತುಗಳು ಬಾಗಿಲ ಸಂದಿಯಿಂದ ಕಾಣುತ್ತವೆ, ಹದಿನಾಲ್ಕಕ್ಕಿಂತ ಹೆಚ್ಚಿವೆ. ಅವುಗಳ ತಂತಿ ಎಲ್ಲಿಯವರೆಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ. ನೋಡದೆ ನಾನು ಹೇಳುವುದಿಲ್ಲ.

ಆಯುಧಪೂಜೆಯ ದಿನ ಜವಾನ ಎಲ್ಲಕ್ಕೂ ಕುಂಕುಮ ಹಚ್ಚಿಕೊಂಡು ಬರುತ್ತಾನೆ. ನನ್ನ ಮುಂದೆ ನಿಂತು, ಹಚ್ಚಲೋ ಬೇಡವೋ ಎಂದು ಯೋಚಿಸಿ, ಬೆನ್ನಿನ ಕಾಗದ ಓದುತ್ತಾನೆ. ಅದರ ಕೊನೆಯ ಸಾಲನ್ನು ಮೇಡಂ ನಿವೃತ್ತಿಯ ದಿನ ಬರೆದರು. ಆ ದಿನ ಹಾರ, ಭಾಷಣ ಎಲ್ಲ ಮುಗಿದ ಮೇಲೆ ಖಾಕಿ ಚೀಲ ಹಿಡಿದು ಒಬ್ಬರೇ ಇಲ್ಲಿಗೆ ಬಂದರು. ನನ್ನ ಸ್ವಿಚ್ ಹಾಕಿದರು. ಕೆಂಪು ದೀಪ ಹೊತ್ತಲಿಲ್ಲ. ಮತ್ತೊಮ್ಮೆ ಹಾಕಿದರು, ತಂತಿ ಬದಲಿಸಿ ನೋಡಿದರು, ಪ್ಲಗ್ಗಿನಲ್ಲಿ ಕರೆಂಟಿದೆಯೇ ಎಂದು ನೋಡಿದರು. ಎಲ್ಲ ತಾಳೆ ನೋಡಿದ ಮೇಲೆ ಪೆನ್ನು ತೆಗೆದು "ಮಾಡುವುದು" ಎಂಬ ಆರು ಸಾಲುಗಳ ಮೇಲೆ ಗೆರೆ ಎಳೆದು, ಕೆಳಗೆ ಬರೆದರು: "ಈಗ ಏನನ್ನೂ ಮಾಡುವುದಿಲ್ಲ. ನಾನೇ ನೋಡಿದ್ದೇನೆ."

ಸಹಿ, ತಾರೀಖು. ನನ್ನ ಮೇಲೆ ಬಂದ ಜಾಹೀರಾತುಗಳಲ್ಲಿ ಇವತ್ತಿಗೂ ಪೂರ್ತಿ ನಿಜವಾಗಿ ಉಳಿದಿರುವುದು ಅದೊಂದೇ.